ಹತ್ತಿಮತ್ತೂರಿನ ಚುಕ್ಕಿ

ಶಕುನ, ಮುನ್ಸೂಚನೆ ಇಂಥವನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಲು ಶುರುಮಾಡಿದರೆ, ಎಷ್ಟು ಸಲ ಶಕುನ ಸುಳ್ಳಾಯಿತು, ಅದನ್ನೂ ಹೇಳಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಆರೋಗ್ಯ ಸಂಶೋಧನೆಗೆ ಬಂದ ಮಾಹಿತಿಯನ್ನು ಅಂಕಿಅಂಶದ ಸಾಫ್ಟ್‌ವೇರಿಗೆ ಕೊಟ್ಟು, ಅದರಲ್ಲಿ ನಂಬಬೇಕಾದದ್ದೆಷ್ಟು, ಆಕಸ್ಮಿಕವೆಷ್ಟು ಎಂದು ಬೇರ್ಪಡಿಸುವವನು ನಾನು.

ಆದರೂ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ಬಗ್ಗೆ ಬರೆಯಬೇಕಾಗಿದೆ. ಇದನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಕತೆ ಸ್ವಲ್ಪ ನುಣುಪಾಗಿದೆ. ನುಣುಪಾದ ಜಾಗ ಬಂದಾಗ ತೋರಿಸುತ್ತೇನೆ, ಅಲ್ಲಿ ನೀವು ಅನುಮಾನಪಡಬೇಕು.

ಶಿಗ್ಗಾಂವ, ಸವಣೂರು ತಾಲೂಕುಗಳಲ್ಲಿ ಬಸುರಿಯರ ರಕ್ತದೊತ್ತಡದ ಅಧ್ಯಯನ ನಡೆದಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿ.ಪಿ. ನೋಡಿ ಮೊಬೈಲಿನಲ್ಲಿ ತುಂಬುತ್ತಿದ್ದರು. ನಾನು ಶಿಗ್ಗಾಂವದಲ್ಲಿ, ಹೆದ್ದಾರಿಯ ಬಸ್ಸುಗಳ ಹಾರ್ನು ಕೇಳುವ ಬಾಡಿಗೆ ಕೋಣೆಯಲ್ಲಿ ಕೂತು ಆ ಅಂಕಿಗಳನ್ನು ಚಿತ್ರವಾಗಿ ನೋಡುತ್ತಿದ್ದೆ. ಪರದೆಯ ಮೇಲೆ ಒಬ್ಬೊಬ್ಬ ಬಸುರಿಗೂ ಒಂದೊಂದು ಚುಕ್ಕಿ. ಬಿ.ಪಿ. ಹೆಚ್ಚಿದಷ್ಟೂ ಚುಕ್ಕಿ ಮೇಲೆ. ಆ ತಿಂಗಳು ಯಾರ ಅಂಕಿ ಬಂದಿಲ್ಲವೋ ಅವರಿಗೆ ಸಾಫ್ಟ್‌ವೇರ್ ಚುಕ್ಕಿ ಇಡುವುದಿಲ್ಲ. ಇದೊಂದು ನೆನಪಿರಲಿ.

ಅಂದು ಚುಕ್ಕಿಗಳೆಲ್ಲ ಕೆಳಗೆ ಗುಂಪುಗೂಡಿದ್ದವು. ಒಂದು ಮಾತ್ರ ಮೇಲಿನ ಮೂಲೆಯಲ್ಲಿ ಒಂಟಿಯಾಗಿತ್ತು. ಮೌಸಿನ ಬಾಣವನ್ನು ಅದರ ಮೇಲೆ ಒಯ್ದಾಗ ಆ ಬಸುರಿಯ ಗುರುತಿನ ಸಂಖ್ಯೆ ಮೂಡಿತು. ಅದು ಹುಲಗೂರಿನದು. ಅಲ್ಲಿನ ಆಶಾ ಶಕುಂತಲಕ್ಕನಿಗೆ ಫೋನು ಮಾಡಿ, ಇದು ಯಾರ ಸಂಖ್ಯೆ ಎಂದು ಕೇಳಿದೆ.

"ಅದು ರೇಣುಕಾಂದು ಸರ. ಆಕಿ ಈಗ ನಮ್ಮ ಊರಾಗ ಇಲ್ಲಲ್ರಿ. ಕುಬಸ ಮಾಡಿ ತವರಿಗೆ ಕರಕೊಂಡು ಹೋದ್ರು, ಹತ್ತಿಮತ್ತೂರಿಗೆ. ಚೊಚ್ಚಲ ಅಲ್ಲೇನ್ರಿ?"

"ಹಂಗಾರ ಈ ತಿಂಗಳ ಬಿ.ಪಿ. ಯಾರು ತುಂಬಿದ್ರು?"

"ಯಾರೂ ಇಲ್ರಿ. ಊರಾಗಿಲ್ಲದಾಕಿ ರಟ್ಟಿಗೆ ನಾ ಎಲ್ಲಿಂದ ಪಟ್ಟಿ ಕಟ್ಟಲಿ?"

ಈ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಹೆರಿಗೆಗೆ ತವರಿಗೆ ಕಳಿಸುತ್ತಾರೆ. ಹಾಗೆ ಹೋದವಳನ್ನು ಗಂಡನ ಊರಿನ ಆಶಾ ಬಿಟ್ಟುಬಿಡುತ್ತಿದ್ದಳು, ತವರಿನ ಆಶಾಳಿಗೆ ಅವಳು ಬಂದದ್ದೇ ತಿಳಿಯುತ್ತಿರಲಿಲ್ಲ. ನಮ್ಮ ಅಧ್ಯಯನವೂ ಅಂಥವರನ್ನು ‘ಊರು ಬಿಟ್ಟವರು’ ಎಂದು ಗುರುತಿಸಿ ಮುಂದೆ ಸಾಗುತ್ತಿತ್ತು. ಅಪಾಯ ಹೆಚ್ಚುವ ತಿಂಗಳುಗಳಲ್ಲೇ ಅವರು ನಮಗೆ ಕಾಣುತ್ತಿರಲಿಲ್ಲ.

ಮೂಲ ಮಾಹಿತಿಯನ್ನು ತೆರೆದು ನೋಡಿದೆ. ರೇಣುಕಾಳ ಸಂಖ್ಯೆಯೆದುರು ಆ ತಿಂಗಳ ಜಾಗ ಖಾಲಿ ಇತ್ತು. ಪರದೆಯಲ್ಲಿ ಚುಕ್ಕಿ ಇದ್ದೇ ಇತ್ತು.

ಇಲ್ಲಿಗೆ ಬಂದಾಗ ‘ಎದೆ ಝಲ್ಲೆಂದಿತು’ ಎಂದು ಹೇಳುವುದು ನನಗೆ ರೂಢಿಯಾಗಿದೆ. ಅದು ನುಣುಪು. ಸಾಫ್ಟ್‌ವೇರ್ ಕೆಟ್ಟಿತೆಂದು ಕಿರಿಕಿರಿಯಾಗಿತ್ತು, ಅಷ್ಟೇ ಇರಬೇಕು. ಆದರೂ ಯಾಕೋ ಬೈಕು ತೆಗೆದೆ. ಹುಲಗೂರಿನಲ್ಲಿ ಶಕುಂತಲಕ್ಕನನ್ನು ಹತ್ತಿಸಿಕೊಂಡೆ. "ಆ ಕಂಪ್ಯೂಟರಿಗೆ ಒಂದು ನಿಂಬಿಹಣ್ಣು ಇಳಿಸಿ ಒಗೀರಿ ಸರ" ಎಂದು ದಾರಿಯುದ್ದಕ್ಕೂ ನಗುತ್ತಿದ್ದರು.

ಹತ್ತಿಮತ್ತೂರಿನಲ್ಲಿ ರೇಣುಕಾ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ತಲೆನೋವೆಂದು ಹಣೆಗೆ ಬಟ್ಟೆ ಬಿಗಿದಿದ್ದಳು. ಬಾತ ಬೆರಳಿನಲ್ಲಿ ಕಾಲುಂಗುರ ಹೂತುಹೋಗಿತ್ತು.

"ಗಂಡನ ಊರಾವ್ರು ಇಲ್ಲಿಗೂ ಬೆನ್ನ ಹತ್ತಿ ಬಂದ್ರೇನವ್ವಾ?" ಎಂದು ಅವಳ ತಾಯಿ ನಕ್ಕರು. "ಬರ್ರಿ, ಕುಂದರ್ರಿ, ಚಾ ಇಡ್ತೇನಿ. ಬಸುರಾಗ ಕಾಲು ಬಾಯೋದು ಇದ್ದದ್ದ."

ಶಕುಂತಲಕ್ಕ ರಟ್ಟೆಗೆ ಪಟ್ಟಿ ಕಟ್ಟಿ ಯಂತ್ರದ ಗುಂಡಿ ಒತ್ತಿದರು. ಅವರ ನಗು ನಿಂತಿತು. ಇನ್ನೊಂದು ರಟ್ಟೆಗೂ ಕಟ್ಟಿ ನೋಡಿದರು.

"ಯವ್ವಾ, ಚಾ ಆಮ್ಯಾಲೆ ಕುಡಿಯೋಣಂತ. ಮೊದಲ ಗಾಡಿ ಕರಸ್ರಿ."

ಯಂತ್ರ ತೋರಿಸಿದ ಅಂಕಿ, ಚುಕ್ಕಿ ನಿಂತಿದ್ದ ಎತ್ತರದ್ದೇ. ಇಲ್ಲಿ ಖಂಡಿತ ಅನುಮಾನಪಡಿ. ನನಗೆ ಹಾಗೆ ನೆನಪಿದೆ. ಆದರೆ ಶಕುಂತಲಕ್ಕ ಹೇಳುವಂತೆ ನಾನು ಮೊದಲು ಅಂಕಿಯನ್ನೇ ಹೇಳಿರಲಿಲ್ಲ, ‘ಭಾಳ ಮ್ಯಾಲೈತಿ’ ಅಂದಿದ್ದೆನಷ್ಟೆ. ಚಿತ್ರವನ್ನು ಉಳಿಸಿಡದೆ ಹೊರಟಿದ್ದೆ. ರೇಣುಕಾಳ ಸಂಖ್ಯೆಯನ್ನು ಫೋನಿನಲ್ಲಿ ಹೇಳಿದ್ದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

ಸವಣೂರಿನಲ್ಲಿ ಇಂಜೆಕ್ಷನ್ ಕೊಟ್ಟು ಹಾವೇರಿಗೆ ಕಳಿಸಿದರು. ಇನ್ನೂ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ, ಕೂಸು ಇಬ್ಬರೂ ಕೈತಪ್ಪುತ್ತಿದ್ದರು ಎಂದರು ಡಾಕ್ಟರು. ಹೆಣ್ಣುಮಗು ಹುಟ್ಟಿತು. ಅಂಗೈಯಷ್ಟಿದ್ದರೂ ಅಳು ಮಾತ್ರ ವಾರ್ಡಿಗೆಲ್ಲ ಕೇಳುವಂತಿತ್ತು.

ಶಿಗ್ಗಾಂವಕ್ಕೆ ಮರಳಿದಾಗ ಕರೆಂಟು ಹೋಗಿ ಬಂದು ಕಂಪ್ಯೂಟರ್ ಆರಿತ್ತು. ಅದೇ ಮಾಹಿತಿ ಕೊಟ್ಟೆ, ಅದೇ ಆದೇಶ ಟೈಪು ಮಾಡಿದೆ. ಚಿತ್ರ ಬಂತು. ಮೇಲಿನ ಮೂಲೆ ಖಾಲಿ. ಅಂಕಿ ಇಲ್ಲದವರನ್ನು ಬಿಡಲಾಗಿದೆ ಎಂಬ ಎಂದಿನ ಸೂಚನೆ ಕೆಳಗಿತ್ತು. ಬೇರೆಯವರ ಅಂಕಿ ತಪ್ಪಿ ಅವಳ ಸಂಖ್ಯೆಗೆ ಅಂಟಿತೇ ಎಂದು ಹುಡುಕಿದೆ. ಅಷ್ಟು ಎತ್ತರದ ಅಂಕಿ ಇಡೀ ಅಧ್ಯಯನದಲ್ಲಿ ಯಾರದೂ ಇರಲಿಲ್ಲ. ಆಕಸ್ಮಿಕ ಎನ್ನಬಹುದು. ದಿನವೂ ಆಡುವ ಆ ಮಾತು ಇಲ್ಲಿ ಮಾತ್ರ ಬಾಯಿಂದ ಹೊರಡುವುದಿಲ್ಲ.

ಆಮೇಲೆ ನಾವು ಕೆಲಸದ ರೀತಿ ಬದಲಿಸಿದೆವು. ಕುಬಸವಾದ ಕೂಡಲೇ ಗಂಡನ ಊರಿನ ಆಶಾ ತವರಿನ ಆಶಾಳಿಗೆ ಫೋನು ಮಾಡಿ ಬಸುರಿಯನ್ನು ಒಪ್ಪಿಸುತ್ತಾಳೆ. ಹಾನಗಲ್, ಹಿರೇಕೆರೂರಿನಲ್ಲೂ ಈಗ ಹೀಗೇ ನಡೆಯುತ್ತದೆ. ‘ಊರು ಬಿಟ್ಟವರು’ ಎಂಬ ಗುಂಪನ್ನೇ ತೆಗೆದುಹಾಕಿದೆವು.

ಮೊನ್ನೆ ಹುಲಗೂರಿಗೆ ಹೋದಾಗ ರೇಣುಕಾಳ ಮಗಳು ಶಕುಂತಲಕ್ಕನ ಬಿ.ಪಿ. ಯಂತ್ರದ ಕೊಳವೆಯನ್ನು ಎಳೆದಾಡುತ್ತಿದ್ದಳು. ಅಂದು ಏನಾಗಿರಬಹುದು ಎಂದು ಮತ್ತೆ ಕೇಳಿದೆ.

"ಖರೆನೋ ಸುಳ್ಳೋ ನನಗೇನ ಗೊತ್ರಿ ಸರ. ಮತ್ತ ಕಂಡ್ರ ಮಾತ್ರ ಮೊದಲ ಫೋನ್ ಹಚ್ರಿ. ವಿಚಾರ ಆಮ್ಯಾಲೆ ಮಾಡಿರಂತ."

ಈಗಲೂ ಚಿತ್ರ ಮೂಡಿದ ಕೂಡಲೇ ನಾನು ಮೊದಲು ನೋಡುವುದು ಮೇಲಿನ ಮೂಲೆಯನ್ನು. ಫೋನು ಪಕ್ಕದಲ್ಲೇ ಇರುತ್ತದೆ.