ಹದಿನಾರನೆಯ ಗುಳಿಯ ಹತ್ತಿರ ನಮ್ಮ ಮಾವನವರು

ನಮ್ಮ ಮಾವನವರನ್ನು ಗಾಲ್ಫ್ ಪಂದ್ಯಕ್ಕೆ ಕರೆದುಕೊಂಡು ಹೋದವಳು ನಾನೇ. ಆಮೇಲೆ ಆದದ್ದಕ್ಕೆಲ್ಲ ನಮ್ಮ ಅತ್ತೆ ನನ್ನನ್ನೇ ಬೈದರು. ಬೈಯಲಿ ಬಿಡಿ, ಅದು ನ್ಯಾಯವೇ.

ಮಾವನವರು ಅರಮನೆಯ ಕೆಲಸ ಬಿಟ್ಟು ಆಗ ನಾಲ್ಕೈದು ವರ್ಷವಾಗಿತ್ತು. ಬಿಟ್ಟು ಎನ್ನುವುದು ಬಾಯಿಮಾತು. ಸಂಸ್ಥಾನ ಹೋಗಿ ಪ್ರಜೆಗಳ ಸರ್ಕಾರ ಬಂದ ಮೇಲೆ ಅರಮನೆಯಲ್ಲಿ ಒಬ್ಬೊಬ್ಬರನ್ನೇ ಕಡಿಮೆ ಮಾಡುತ್ತ ಬಂದರು, ಒಂದು ದಿನ ಇವರ ಸರದಿಯೂ ಬಂತು. ದರ್ಬಾರಿನಲ್ಲಿ ಯಾರು ಎಲ್ಲಿ ಕೂರಬೇಕು ಎಂದು ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಕೈಯಲ್ಲಿ ಪಟ್ಟಿಯಿಲ್ಲ, ನೆಲದ ಮೇಲೆ ಗುರುತಿಲ್ಲ. ಯಾವ ಕಂಬದಿಂದ ಎಷ್ಟು ಗೇಣಿಗೆ ಯಾರ ಆಸನ ಎನ್ನುವುದು ತಲೆಯಲ್ಲೇ ಇತ್ತು. ನಲವತ್ತು ವರ್ಷ ಹಾಗೆ ನಡೆದ ಮನುಷ್ಯ, ಈಗ ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಎದುರು ಮನೆಯ ಗೋಡೆ ನೋಡುತ್ತ ಕೂರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ನನಗೆ ಬಾಯಿ ಸ್ವಲ್ಪ ಮುಂದು. "ಮಾವ, ಆ ಗೋಡೆ ಎಲ್ಲೂ ಓಡಿಹೋಗಲ್ಲ, ಒಳಗೆ ಬನ್ನಿ" ಎಂದು ಒಮ್ಮೆ ಅಂದುಬಿಟ್ಟೆ. ಅವರು ನಕ್ಕರು. ಒಳಗೆ ಹೋಗಿ ಅತ್ತವಳು ನಾನು.

ನಾನಾಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೇಡಂ. ಬೆಟ್ಟದ ಕೆಳಗೆ ದೊರೆಗಳ ಕಾಲದ ಗಾಲ್ಫ್ ಕ್ಲಬ್ಬು ಒಂದಿತ್ತಲ್ಲ, ಆ ವರ್ಷ ಅಲ್ಲಿ ನಾಲ್ಕು ದಿವಸದ ದೊಡ್ಡ ಪಂದ್ಯ. ಮದರಾಸು, ಬೊಂಬಾಯಿ, ಕಲ್ಕತ್ತೆಯಿಂದೆಲ್ಲ ಆಟಗಾರರು ಬರುವವರಿದ್ದರು. ಕರಿಹಲಗೆಯ ಮೇಲೆ ಆಟದ ಲೆಕ್ಕವನ್ನು ದೂರಕ್ಕೂ ಕಾಣುವ ಹಾಗೆ ದುಂಡಗೆ ಬರೆಯುವವರು ಬೇಕು ಎಂದು ಕ್ಲಬ್ಬಿನಿಂದ ನಮ್ಮ ಸ್ಕೂಲಿಗೆ ಹೇಳಿಕಳಿಸಿದರು. ಸೀಮೆಸುಣ್ಣ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು? ಹೋದೆ. ಚೆಂಡು ಇಳಿಸುವ ಹದಿನೆಂಟು ಗುಳಿಗಳಲ್ಲಿ ಹದಿನಾರನೆಯದರ ಹತ್ತಿರ ಒಂದು ಹೊಂಗೆ ಮರದ ಕೆಳಗೆ ನನ್ನ ಹಲಗೆ. ಸಂಬಳವಿಲ್ಲದ ಕೆಲಸ, ಎದೆಗೆ ಒಂದು ನೀಲಿ ರಿಬ್ಬನ್ನಿನ ಬಿಲ್ಲೆ.

ಅಲ್ಲಿ ಇನ್ನೊಂದು ಕೆಲಸಕ್ಕೂ ಜನ ಸಾಲದಾಗಿತ್ತು. ಮೈದಾನದ ಅಂಚಿಗೆಲ್ಲ ಲಂಟಾನದ ಪೊದೆ, ಹುತ್ತ, ಕುರುಚಲು. ಚೆಂಡು ಅದರೊಳಗೆ ಹೊಕ್ಕರೆ ದೇವರೇ ಗತಿ. ಅದಕ್ಕೆ ಮೂಲೆಮೂಲೆಗೂ ಒಬ್ಬರು ನಿಂತು, ಚೆಂಡು ಎಲ್ಲಿ ಬಿತ್ತು ಎಂದು ಕಣ್ಣಿಟ್ಟು ನೋಡಿ, ಬಾವುಟ ಎತ್ತಬೇಕು. ಕೇಳಿದ ಕೂಡಲೇ ನನಗೆ ಜಗಲಿಯ ನೆನಪಾಯಿತು.

"ಮಾವ, ನಾಲ್ಕು ದಿವಸ. ನಿಂತ್ಕೊಂಡು ನೋಡೋದು, ಅಷ್ಟೇ" ಎಂದೆ.

"ಯಾರ ಅಪ್ಪಣೆ?"

"ನಂದೇ."

ಮರುದಿನ ಬೆಳಗ್ಗೆ ಟ್ರಂಕಿನಿಂದ ಜರಿಪೇಟ ಹೊರಗೆ ಬಂತು. ಕಚ್ಚೆ ಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಉದ್ದ ಕೋಟು, ಹೆಗಲ ಮೇಲೆ ವಲ್ಲಿ. ಮನೆಯೆಲ್ಲ ಕರ್ಪೂರದ ವಾಸನೆ. "ಏನೂಂದ್ರೆ ಇದು, ಮದುವೆ ಗಂಡು ಹೊರಟ ಹಾಗೆ!" ಎಂದರು ನಮ್ಮತ್ತೆ. ಅಂದವರು ಪೇಟದ ಅಂಚನ್ನು ತಾವೇ ಸರಿಮಾಡಿದರು. ಮೈದಾನ ಮುಟ್ಟಿದ ಮೇಲೆ ಮಾವನವರು ಜೋಡನ್ನು ನನ್ನ ಹೊಂಗೆ ಮರದ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಹೊರಟರು. "ಮುಳ್ಳಿದೆ ಮಾವ!" ಎಂದರೆ, "ಸಭೆಗೆ ಜೋಡು ಮೆಟ್ಕೊಂಡು ಹೋಗ್ತಾರೇನಮ್ಮ?" ಎಂದರು. ಆಟಗಾರರೆಲ್ಲ ಮೊಳೆ ಹೊಡೆದ ಬೂಟು ಹಾಕಿ ತಿರುಗುತ್ತಿದ್ದುದನ್ನು ನೋಡಿ ಅವರಿಗೆ ಒಳಗೊಳಗೇ ಬೇಸರ.

ಎರಡು ದಿವಸ ಎಲ್ಲ ಚೆನ್ನಾಗಿ ನಡೆಯಿತು. ನನ್ನ ಹಲಗೆಯಿಂದ ಐವತ್ತು ಹೆಜ್ಜೆ ದೂರದ ಮೂಲೆಯಲ್ಲಿ ಅವರು ನೆಟ್ಟಗೆ ನಿಂತಿರುತ್ತಿದ್ದರು. ಬಿಸಿಲಿಗೆ ಪೇಟದ ಜರಿ ಹೊಳೆಯುತ್ತಿತ್ತು. ನಡುವೆ ಹೋಗಿ ಮಜ್ಜಿಗೆ ಕೊಟ್ಟು ಬರುತ್ತಿದ್ದೆ. ಮನೆಗೆ ಬಂದು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ನಮ್ಮತ್ತೆ ನನ್ನ ಮುಖ ನೋಡಿದರು. ಆ ಒಂದು ನೋಟಕ್ಕಾಗಿ ನಾನು ಇನ್ನೂ ನಾಲ್ಕು ಪಂದ್ಯಕ್ಕೆ ಹಲಗೆ ಬರೆಯಲು ತಯಾರಿದ್ದೆ.

ಮೂರನೆಯ ದಿನ ಉಳಿದಿದ್ದ ನಾಲ್ವರಲ್ಲಿ ನಮ್ಮೂರಿನವರು ಒಬ್ಬರೇ, ಯಾದವಗಿರಿಯ ಒಬ್ಬ ಯುವ ಡಾಕ್ಟರು. ಅವರಿಗೆ ಎದುರು ಮದರಾಸಿನವರು. ಒಂದೊಂದು ಗುಳಿಗೂ ಕಡಿಮೆ ಹೊಡೆತದಲ್ಲಿ ಚೆಂಡು ಇಳಿಸಿದವರು ಆ ಗುಳಿ ಗೆದ್ದ ಹಾಗೆ; ಹದಿನೈದು ಗುಳಿ ಮುಗಿದಾಗ ಇಬ್ಬರೂ ಸಮಸಮ. ಊರಿನ ಜನವೆಲ್ಲ ಹಿಂದೆ ಬಂದಿತ್ತು. ಹದಿನಾರನೆಯದಕ್ಕೆ ಡಾಕ್ಟರು ಹೊಡೆದದ್ದು ಬಲಕ್ಕೆ ವಾಲಿ ಮಾವನವರ ಮೂಲೆಗೆ ಬಿತ್ತು. ಬಾವುಟ ಮೇಲೆದ್ದಿತು. ಸದ್ಯ, ಸಿಕ್ಕಿತಲ್ಲ ಎಂದುಕೊಂಡೆ.

ಅಲ್ಲಿಗೇ ಅವರ ಕೆಲಸ ಮುಗಿದಿತ್ತು. ಆದರೆ ಡಾಕ್ಟರು ತಮ್ಮ ಚೆಂಡು ಹುಡುಕುತ್ತ ನಡೆದು ಬರುವುದನ್ನು ಅವರು ಕಂಡರು. ದೊಡ್ಡ ಮನುಷ್ಯರು ತಮ್ಮ ವಸ್ತುವಿಗಾಗಿ ಬಗ್ಗಬೇಕು, ಇವರು ಕೈಕಟ್ಟಿಕೊಂಡು ನಿಂತಿರಬೇಕು! ನಲವತ್ತು ವರ್ಷದಲ್ಲಿ ಅಂಥದ್ದು ನಡೆದಿರಲಿಲ್ಲ. ಮಾವನವರು ಬಗ್ಗಿದರು. ಚೆಂಡನ್ನು ಎತ್ತಿಕೊಂಡರು. ಅಷ್ಟೇ ಅಲ್ಲ, ವಲ್ಲಿಯ ತುದಿಯಿಂದ ಅದರ ಮಣ್ಣು ಒರೆಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ, ಫಲತಾಂಬೂಲ ಕೊಡುವ ಹಾಗೆ ಡಾಕ್ಟರ ಮುಂದೆ ನೀಡಿದರು.

ಅಯ್ಯೋ ನನ್ನ ದೇವರೇ! ಸೀಮೆಸುಣ್ಣ ಹಿಡಿದುಕೊಂಡೇ ಓಡಿದೆ.

ಆಡುತ್ತಿರುವ ಚೆಂಡನ್ನು ಯಾರೂ ಮುಟ್ಟುವ ಹಾಗಿಲ್ಲ. ನಾನು ಅದನ್ನು ಅವರಿಗೆ ಹೇಳಿಯೇ ಇರಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ಹೊಳೆದೇ ಇರಲಿಲ್ಲ. ತೀರ್ಪುಗಾರರು ಬಂದರು, ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಹೊರಗಿನವರು ಎತ್ತಿದರೆ ಆಟಗಾರನಿಗೆ ದಂಡವಿಲ್ಲ, ಆದರೆ ಇದ್ದ ಜಾಗಕ್ಕೇ ವಾಪಸ್ಸು ಇಡಬೇಕು ಎಂದರು. "ಎಲ್ಲಿತ್ತು ಸ್ವಾಮಿ?" ಎಂದು ಮಾವನವರನ್ನು ಕೇಳಿದರು. ಡಾಕ್ಟರ ಕೋಲಿನ ಚೀಲ ಹೊರುತ್ತಿದ್ದ ಕ್ಯಾಡಿ, ಕೆಸರೆ ಕಡೆಯವನು, ಮಾವನವರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದ. ಮಾವನವರು ಅವನತ್ತ ತಿರುಗಲೂ ಇಲ್ಲ. ಹುತ್ತದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು, ಎರಡು, ಮೂರು ಎಂದು ಗೇಣು ಹಾಕಿ, ನಾಲ್ಕು ಬೆರಳು ಸೇರಿಸಿ, ಚೆಂಡನ್ನು ಕೆಳಗಿಟ್ಟರು. ಅದು ಎಮ್ಮೆಯ ಗೊರಸು ಹೂತು ಒಣಗಿದ ಗುಂಡಿ. ಎರಡಡಿ ಆಚೆಗೆ ಒಳ್ಳೆಯ ಗರಿಕೆ ಹಾಸಿಕೊಂಡಿತ್ತು.

"ಖಂಡಿತ ಇಲ್ಲೇನಾ ಸ್ವಾಮಿ?" ಎಂದರು ಡಾಕ್ಟರು.

"ಇಲ್ಲೇ."

"ಇನ್ನೊಂದ್ಸಲ ಯೋಚನೆ ಮಾಡಿ."

"ಇಲ್ಲೇ ಸ್ವಾಮಿ."

ಡಾಕ್ಟರು ಹೊಡೆದರು. ಮಣ್ಣು ಹಾರಿತು, ಚೆಂಡು ಒಂದು ಮಾರು ಸರಿಯಿತು. ಆ ಗುಳಿ ಹೋಯಿತು. ಮುಂದಿನ ಎರಡೂ ಸಮವಾಗಿ, ಆ ಒಂದರಲ್ಲೇ ಪಂದ್ಯವೂ ಹೋಯಿತು. ಅದನ್ನು ಹಲಗೆಯ ಮೇಲೆ ದುಂಡಗೆ ಬರೆದವಳು ನಾನೇ. ಡಾಕ್ಟರು ನೆಟ್ಟಗೆ ಕಾರು ಹತ್ತಿ ಹೊರಟುಹೋದರು. ಕ್ಯಾಡಿ ಮಾತ್ರ ನಮ್ಮ ಮರದ ಹತ್ತಿರ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ: "ಏನ್ ಬುದ್ಧೀ, ಇಂಗ್ ಮಾಡ್ಬುಟ್ರಲ್ಲಾ! ಎಲ್ಡಡಿ ಅತ್ತಾಗೆ ಮಡಗಿದ್ರೆ ನಿಮ್ ಗಂಟೇನ್ ಓಯ್ತಿತ್ತು?"

ಮಾವನವರು ಜೋಡು ಮೆಟ್ಟಿಕೊಂಡರು. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬಂದು ನನಗೆ ಹೇಳುವ ಹಾಗೆ ಹೇಳಿದರು, "ಮೇಡಂ, ನಾಳೆ ಇವರು ಬರೋದು ಬೇಡ. ವಯಸ್ಸಾಗಿದೆ, ಮನೇಲಿ ಆರಾಮಾಗಿರಲಿ." ಮೂರು ಅಡಿ ದೂರದಲ್ಲಿ ನಿಂತಿದ್ದ ಮನುಷ್ಯ, ಕಿವಿ ಕೇಳದವರೇ? ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೆ. ಮಾವನವರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮುಚ್ಚಿದೆ.

ಜಟಕಾದಲ್ಲಿ ಮನೆಗೆ ಬಂದು ಮಾವನವರು ಪೇಟವನ್ನು ಟ್ರಂಕಿನಲ್ಲಿಟ್ಟು, ಕ್ಲಬ್ಬಿನವರು ತಮಗೂ ಕೊಟ್ಟಿದ್ದ ನೀಲಿ ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟರು. "ಅವರಿಗೆ ಒಪ್ಪಿಸ್ಬಿಡಮ್ಮ" ಎಂದರು. "ಅವರೇನು ದೊಡ್ಡ ಮನುಷ್ಯರು ಮಾವ..." ಎಂದು ಶುರು ಮಾಡಿದೆ. "ಬಿಡಮ್ಮ. ಬೇಡ ಅನ್ನಿಸ್ಕೊಂಡಿದ್ದು ಇದೇ ಮೊದಲಲ್ಲ" ಎಂದು ಜಗಲಿಗೆ ಹೋಗಿ ಕೂತರು. ಗೋಡೆಯ ಕಡೆಗೆ ಮುಖ. ಕರೆದರೂ ಊಟಕ್ಕೆ ಬರಲಿಲ್ಲ. ಆಗ ನಮ್ಮತ್ತೆ ಬೈದರು ನೋಡಿ, ಬೈಸಿಕೊಳ್ಳುವುದೇ ಸಮಾಧಾನವಾಗಿತ್ತು. ಇನ್ನು ಈ ಮನುಷ್ಯ ಜಗಲಿಯಿಂದ ಏಳುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ, ಕಡೆಯ ಪಂದ್ಯ. ಬಿಲ್ಲೆಯನ್ನು ಕಾರ್ಯದರ್ಶಿಯ ಮೇಜಿನ ಮೇಲೆ ಕುಕ್ಕಲೇಬೇಕು ಎಂದು ಏಳು ಗಂಟೆಗೇ ಹೋದೆ. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಅವರ ಕೈಯಲ್ಲಿ ಒಂದು ಬಾವುಟ! ಸೋತ ಮೇಲೆ ಮನೆಯಲ್ಲಿ ಕೂರಲಾರದೆ ನಮ್ಮ ಹಾಗೆಯೇ ಸೇವೆಗೆ ಬಂದಿದ್ದರು. "ಆ ಪೇಟದ ಹಿರಿಯರು ಎಲ್ಲಿ ಮೇಡಂ?" ಎಂದರು.

"ಬೇಡ ಅಂದ್ರಲ್ಲ ನಿಮ್ಮೋರು! ಮನೇಲಿದಾರೆ. ಇನ್ನೂ ಬೈಯೋದು ಏನಾದ್ರೂ ಉಳಿದಿದ್ರೆ ನನ್ನ ಹತ್ತಿರಾನೇ ಹೇಳಿ" ಎಂದೆ.

ಅವರ ಮುಖ ಸಣ್ಣದಾಯಿತು. "ನನ್ನ ಕ್ಯಾಡಿ ಅವರ ಕಿವೀಲಿ ಹೇಳಿದ್ದು ನನಗೆ ಕೇಳಿಸ್ತು ಮೇಡಂ. ಸುಮ್ಮನಿದ್ದೆ. ಎರಡು ಸಲ ಕೇಳಿದೆನಲ್ಲ, ಅದು ಯಾಕೆ ಅಂದ್ಕೊಂಡ್ರಿ? ಈಗಲಾದ್ರೂ ಚೆಂಡು ಅತ್ತ ಸರಿಸ್ತಾರೇನೋ ಅಂತ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

ಇಬ್ಬರೂ ಅವರ ಕಾರಿನಲ್ಲಿ ಮನೆಗೆ ಹೋದೆವು. ಓಣಿಗೆ ಕಾರು ನುಗ್ಗುವುದಿಲ್ಲ, ಇಳಿದು ನಡೆದೆವು. ಮಾವನವರು ಡಾಕ್ಟರನ್ನು ಕೂರಿಸಿ, ಕಾಫಿ ಕೊಡಿಸಿ, ಎಲ್ಲ ಕೇಳಿದ ಮೇಲೆ ಹೇಳಿದರು: "ತಾವು ಬಂದದ್ದು ಸಂತೋಷ. ಆದ್ರೆ ಬೇಡ ಅಂದೋರು ಬಾ ಅನ್ನಬೇಕು. ಅದು ಪದ್ಧತಿ." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಡಾಕ್ಟರು ಎದ್ದು ಹೋಗಿ, ಮುಕ್ಕಾಲು ಗಂಟೆಯಲ್ಲಿ ಕಾರ್ಯದರ್ಶಿಯ ಕೈಬರಹದ ಒಂದು ಚೀಟಿ ತಂದರು. ತಾವು ಇಂದು ಹದಿನಾರನೆಯ ಗುಳಿಯ ಬಳಿ ಇರಬೇಕೆಂದು ಕೋರಿಕೆ, ಅಷ್ಟೇ ಇತ್ತು. ಮಾವನವರು ಅದನ್ನು ಕಣ್ಣಿಗೊತ್ತಿಕೊಂಡು ಕೋಟಿನ ಜೇಬಿಗಿಟ್ಟರು. ಅತ್ತೆ ಅಷ್ಟು ಹೊತ್ತಿಗೆ ಟ್ರಂಕು ತೆಗೆದಾಗಿತ್ತು.

"ಮಾವ, ಇವತ್ತು ಕೈ!" ಎಂದು ದಾರಿಯುದ್ದಕ್ಕೂ ಹೇಳಿದೆ.

"ಬೆನ್ನ ಹಿಂದೇನೇ ಇರುತ್ತೆ ಕಣಮ್ಮ."

ಹನ್ನೊಂದರ ಬಿಸಿಲಿಗೆ ಆಟ ನಮ್ಮ ಹತ್ತಿರ ಬಂತು. ಡಾಕ್ಟರು ಬಾವುಟ ಹಿಡಿದು ಮಾವನವರ ಎದುರು ಅಂಚಿನಲ್ಲಿದ್ದರು. ಮದರಾಸಿನವರು ಹೊಡೆದ ಚೆಂಡು ಬೇರೆ ಕಡೆಗೆಲ್ಲೂ ಹೋಗಬಾರದೇ? ಅದೇ ಮೂಲೆಗೆ ಬಂತು. ಉರುಳಿತು, ಉರುಳಿತು, ಮಾವನವರ ಬರಿಗಾಲಿನ ಹೆಬ್ಬೆರಳಿಗೆ ಒರಗಿ ನಿಂತಿತು. ಬಾವುಟ ಮೇಲೆದ್ದಿತು, ಇಳಿಯಿತು. ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು. ಆಮೇಲೆ ಅವರು ಅಲ್ಲಾಡಲಿಲ್ಲ. ಕಾಲು ಎತ್ತಿದರೆ ಚೆಂಡು ಸರಿಯುತ್ತದಲ್ಲ!

ಆಟಗಾರರು ಎಲ್ಲೋ ದೂರದಲ್ಲಿದ್ದರು, ಬರುವುದು ತಡವಾಯಿತು. ನಾನು ಹತ್ತಿರ ಹೋಗಿ ನೋಡಿದೆ. ಹುತ್ತದ ಪಕ್ಕದಿಂದ ಕೆಂಜಿಗದ ಸಾಲೊಂದು ಅವರ ಪಾದ ಹತ್ತಿ ಪಂಚೆಯೊಳಕ್ಕೆ ಹೋಗುತ್ತಿತ್ತು. "ಮಾವ, ಇರುವೆ!" ಎಂದೆ. "ಗೊತ್ತು" ಎಂದರು. ಹಣೆಯ ಮೇಲೆ ಬೆವರು, ಕಣ್ಣು ಕೆಂಪಗೆ. "ಕಾಲು ತೆಗೀರಿ, ಯಾರಿಗ್ಬೇಕು ಇವರ ಆಟ!" ಎಂದು ಅಳುತ್ತಲೇ ಬೈದೆ. "ನೀನು ಹೋಗಿ ಹಲಗೆ ನೋಡಮ್ಮ" ಎಂದರು. ನಾನು ಹೋಗಲಿಲ್ಲ. ಡಾಕ್ಟರು ಎದುರಂಚಿನಿಂದ ತೀರ್ಪುಗಾರರನ್ನು ಕೂಗಿ ಕರೆದುಕೊಂಡು ಓಡಿ ಬಂದರು.

ತೀರ್ಪುಗಾರರು ಪೇಟದಿಂದ ಪಾದದವರೆಗೆ ಒಂದು ಸಲ ನೋಡಿ, ಚೆಂಡಿಗೆ ಗುರುತು ಹಾಕಿ ಎಂದರು. ಡಾಕ್ಟರು ಮಂಡಿಯೂರಿ, ಚೆಂಡಿನ ಹಿಂದೆ ಒಂದು ಮರದ ಮೊಳೆ ನೆಟ್ಟರು. ಆಗ ಮಾವನವರು ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದರು. ಚೆಂಡು ಒಂದು ಬೆರಳು ಸರಿಯಿತು. ತೀರ್ಪುಗಾರರು ಅದನ್ನು ಮೊಳೆಯ ಮುಂದಕ್ಕೇ ಇಟ್ಟರು. ಅಲ್ಲಿಗೆ ಎಲ್ಲ ಮುಗಿಯಿತು. ಆದರೆ ಡಾಕ್ಟರು ಏಳಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದು, ಬಾತುಕೊಂಡಿದ್ದ ಆ ಕಾಲಿನಿಂದ ಒಂದೊಂದೇ ಇರುವೆ ಬಿಡಿಸಿದರು. ಬಿಡಿಸಿ ಮುಗಿದ ಮೇಲೂ ಏಳಲಿಲ್ಲ. ಅಷ್ಟು ಜನರ ಎದುರಿಗೆ ಆ ಎರಡು ಪಾದಗಳ ಮೇಲೆ ಹಣೆಯಿಟ್ಟರು.

ಅಷ್ಟು ಹೊತ್ತೂ ಬೆನ್ನ ಹಿಂದಿದ್ದ ಕೈಗಳು ಆಗ ಮುಂದಕ್ಕೆ ಬಂದವು. ಮಾವನವರು ಎರಡೂ ಕೈಗಳನ್ನು ಡಾಕ್ಟರ ತಲೆಯ ಮೇಲಿಟ್ಟು, ಮೆತ್ತಗೆ ಹೇಳಿದರು:

"ಏಳಿ ಸ್ವಾಮಿ. ಆಟ ನಿಂತಿದೆ."