ನಂಜಣ್ಣನ ದನಿಯಲ್ಲಿ ನಾನಾಡಿದ ಸುಳ್ಳು

ಆ ಆಡಿಯೋದಲ್ಲಿರುವುದು ನಂಜಣ್ಣನ ದನಿಯಲ್ಲ. ನನ್ನದು. "ಮೋಟ್ರು ಸುಟ್ಟೋಗೈತೆ ಗೌಡ್ರೇ, ನಾನೇನ್ ಮಾಡ್ಲಿ, ನಾನೂ ತಗಡಿನ ಪೆಟ್ಗೆ ಕಣ್ರಪ್ಪ" ಎಂದು ಹಾಸನದಿಂದ ಅರಕಲಗೂಡಿನವರೆಗೆ ನಿಮ್ಮ ಫೋನುಗಳಲ್ಲಿ ಓಡಾಡಿತಲ್ಲ — ಅದನ್ನು ಹೊಳೆನರಸೀಪುರದ ಫ್ಲೆಕ್ಸ್ ಅಂಗಡಿಯ ಹಿಂದೆ, ಬೋರಲು ಹಾಕಿದ ಬಕೆಟ್ ಮೇಲೆ ಕೂತು ಮಾಡಿದವನು ನಾನು. ಯಾವ ಮೋಟಾರೂ ಸುಟ್ಟಿರಲಿಲ್ಲ. ಏನಾದರೂ ಸುಟ್ಟಿದ್ದರೆ ಅದು ನನ್ನ ಬುದ್ಧಿಯೇ.

ಅಂಗಡಿಯಲ್ಲಿ ನನ್ನ ಕೆಲಸ ಮದುವೆ, ನಾಮಕರಣದ ಫ್ಲೆಕ್ಸ್ ಮಾಡುವುದು. ಉಳಿದ ಹೊತ್ತೆಲ್ಲ ಮಿಮಿಕ್ರಿ. ಬಸ್ ಕಂಡಕ್ಟರಿನಿಂದ ಹಿಡಿದು ನಮ್ಮಜ್ಜಿಯ ಗೊರಕೆಯವರೆಗೆ ಯಾರನ್ನೂ ಬಿಟ್ಟವನಲ್ಲ. ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳಲು ಹೋದರೆ ಮಾತ್ರ ಏನೂ ಸಿಗುತ್ತಿರಲಿಲ್ಲ — ಹಿಡಿಯಲು ಅಲ್ಲೇನಾದರೂ ಇರಬೇಕಲ್ಲ.

ಆಗ ನಾನು ಎರಡು ವಾಟ್ಸ್ಯಾಪ್ ಗುಂಪುಗಳಲ್ಲಿದ್ದೆ. ಒಂದು ಹಾಸನದ ಗ್ಯಾಜೆಟ್ ಹುಚ್ಚರದ್ದು. ಹೊಸ ಫೋನ್ ಬಂತೆಂದರೆ ಮನೆಗೆ ಮಗು ಬಂದಷ್ಟು ಸಂಭ್ರಮ. ಇನ್ನೊಂದು ಚನ್ನರಾಯಪಟ್ಟಣದ ಉದ್ಯಮಿಗಳದ್ದು. ಗಾಣದೆಣ್ಣೆ ಮಾಡುವವರೂ ಅಲ್ಲಿ ಫೌಂಡರ್, ಹಪ್ಪಳ ಒತ್ತುವವರೂ ಫೌಂಡರ್. ಬೆಳಗಾದರೆ ಸೂರ್ಯೋದಯದ ಫೋಟೋ, ಅದರ ಮೇಲೊಂದು ಗೆಲುವಿನ ಮಾತು. ಇವರನ್ನು ಅಣಕಿಸಿ ಅವರನ್ನು ನಗಿಸುತ್ತಿದ್ದೆ, ಅವರನ್ನು ಅಣಕಿಸಿ ಇವರನ್ನು. ಎರಡೂ ಕಡೆ ನಗುತ್ತಿದ್ದರು, ಎರಡೂ ಕಡೆ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ವೈರ್ ಬೆಸೆಯಲು ಬಾರದು, ಮಾರಲು ಒಂದು ಸಾಮಾನಿಲ್ಲ. ನಾನು ಯಾರ ಪೈಕಿ?

ಮಲ್ಲಿಪಟ್ಟಣದ ನಂಜಣ್ಣನಿಗೆ ಎರಡೂ ಬರುತ್ತಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಸಿಮ್ ಹಾಕಿದ ತಗಡಿನ ಪೆಟ್ಟಿಗೆಯೊಂದನ್ನು ತಾನೇ ಜೋಡಿಸಿ ಪಂಪ್‌ಸೆಟ್‌ಗೆ ಕೂರಿಸಿ ಕೊಡುತ್ತಿದ್ದ. ಕರೆಂಟ್ ಬಂದೊಡನೆ ಅದು ರೈತನಿಗೆ ಫೋನ್ ಮಾಡುತ್ತಿತ್ತು. ಅಂಥ ಪೆಟ್ಟಿಗೆ ಬೇರೆಯವರೂ ಮಾಡುತ್ತಾರೆ. ಆದರೆ ಇದರೊಳಗೆ ಇದ್ದದ್ದು ನಂಜಣ್ಣನದೇ ದನಿ. "ಕರೆಂಟ್ ಬಂದೈತೆ, ಮೋಟ್ರು ಆಕ್ಲಾ? ಆಕು ಅನ್ನಂಗಿದ್ರೆ ಒಂದು ಒತ್ತಿ." ಒಂದು ಒತ್ತಿದರೆ ಸಾಕು, ನಮ್ಮ ಜನ ಬಿಡುತ್ತಾರೆಯೇ? "ಆಕು ನಂಜಣ್ಣ, ಊಟ ಆಯ್ತಾ?" ಎಂದು ಪೆಟ್ಟಿಗೆಯನ್ನೇ ಕೇಳುತ್ತಿದ್ದರು. ಯಂತ್ರವನ್ನಲ್ಲ, ಗೊತ್ತಿರುವ ಮನುಷ್ಯನ ಮಾತನ್ನು ಅವರು ನಂಬಿದ್ದು. ನಾನು ಕೈ ಹಾಕಿದ್ದು ಆ ನಂಬಿಕೆಗೇ.

ಬರೀ ತಮಾಷೆ ಎಂದು ಹಾಕಿದ್ದರೆ ತಮಾಷೆಯಾಗಿಯೇ ಉಳಿಯುತ್ತಿತ್ತೇನೋ. ಗ್ಯಾಜೆಟ್ ಗುಂಪಿನಲ್ಲಿ ಆ ಆಡಿಯೋದ ಕೆಳಗೆ ಒಂದು ಸಾಲು ಬರೆದೆ: ಹಳ್ಳಿಮೈಸೂರಿನ ನಮ್ಮ ಮಾವನ ಜಮೀನಿನಲ್ಲಿ ನಿನ್ನೆ ಪೆಟ್ಟಿಗೆ ಹೇಳಿದ್ದು. ಒಬ್ಬರು ಕೇಳಿದರು, "ನಿಜವಾಗ್ಲೂನಾ?" ನಾನು ಬರೆದೆ — "ದೇವರಾಣೆ."

ನನಗೆ ಹಳ್ಳಿಮೈಸೂರಿನಲ್ಲಿ ಮಾವನೇ ಇಲ್ಲ.

ಅವತ್ತು ಸಂಜೆಯೊಳಗೆ ನನ್ನನ್ನು ಆ ಗುಂಪಿನ ಅಡ್ಮಿನ್ ಮಾಡಿದರು. 'ನೆಲದ ಮಾಹಿತಿ ತರುವ ಹುಡುಗ' ಎಂದು ಹೊಗಳಿದರು. ಹುಡುಕುತ್ತಿದ್ದ ಜಾಗ ಸಿಕ್ಕಿತು ಎಂದುಕೊಂಡೆ.

ಮುಂದಿನ ವಾರ ಚನ್ನರಾಯಪಟ್ಟಣದಲ್ಲಿ ಉದ್ಯಮಿಗಳ ಸಭೆ. ನಿರೂಪಣೆಗೆ ನನ್ನನ್ನೇ ಕರೆದಿದ್ದರು. ನಂಜಣ್ಣ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎತ್ತಿಕೊಂಡು ವೇದಿಕೆ ಹತ್ತಿದ. ಇನ್ನೂ ಬಿಚ್ಚಿರಲಿಲ್ಲ, ಹಿಂದಿನ ಸಾಲಿನಲ್ಲಿ ಯಾರದೋ ಫೋನ್ ಕೂಗಿತು — "ಮೋಟ್ರು ಸುಟ್ಟೋಗೈತೆ ಗೌಡ್ರೇ." ಆಮೇಲೆ ಇನ್ನೊಂದು, ಮತ್ತೊಂದು. ಸಭೆಗೆ ಸಭೆಯೇ ನಕ್ಕಿತು. ನಂಜಣ್ಣ ಟವೆಲ್ಲಿನ ತುದಿ ಹಿಡಿದು ನಿಂತೇ ಇದ್ದ.

"ದನಿ ನಂದೇ ಸಾ," ಎಂದ. "ಆದ್ರೆ ಆ ಮಾತು ನಾನಾಡ್ಲಿಲ್ಲ."

ಮೈಕು ನನ್ನ ಕೈಯಲ್ಲಿತ್ತು. ಒಂದು ವಾಕ್ಯ ಸಾಕಿತ್ತು. ಬಾಯಿ ತೆರೆದೆ, ಬಂದದ್ದು — "ಮುಂದಿನವರು ದಯವಿಟ್ಟು ವೇದಿಕೆಗೆ ಬರಬೇಕು."

ಪೆಟ್ಟಿಗೆ ಬೇಕೆಂದು ಹೇಳಿದ್ದವರು ಬೇಡವೆಂದರು. ಸುಮಾರು ಒಂದು ವರ್ಷ ನಂಜಣ್ಣ ಅರಕಲಗೂಡಿನ ಅಂಗಡಿಯೊಂದರಲ್ಲಿ ಮಿಕ್ಸಿ ರಿಪೇರಿ ಮಾಡಿದ. ಮೊದಲೇ ಕೂರಿಸಿದ್ದ ಪೆಟ್ಟಿಗೆಗಳು ಮಾತ್ರ ತಮ್ಮ ಪಾಡಿಗೆ ತಾವು ಕರೆಯುತ್ತಲೇ ಇದ್ದವು. ಅವನ್ನು ನೋಡಿ ಒಬ್ಬೊಬ್ಬರೇ ಮತ್ತೆ ಅವನ ಮನೆಗೆ ಬಂದರು. ಅಷ್ಟರಲ್ಲಿ ಗಂಟಲಿನ ಆಪರೇಷನ್ ಆಗಿ ಅವನ ದನಿ ಹೋಯಿತು. ಉಳಿದದ್ದು ಮರಳುಕಾಗದ ಉಜ್ಜಿದಂಥ ಗರಗರ ಶಬ್ದ.

ಒಂದು ದಿನ ಫ್ಲೆಕ್ಸ್ ಅಂಗಡಿಗೆ ಬಂದು ನಿಂತ. ಎಲ್ಲ ಗೊತ್ತಾಗಿಯೇ ಬಂದಿದ್ದಾನೆ ಎಂದುಕೊಂಡೆ. ಅವನು ಹತ್ತಿರ ಬಂದು ಗೊಗ್ಗರು ದನಿಯಲ್ಲಿ ಹೇಳಿದ್ದಿಷ್ಟು: "ನನ್ನಂಗೇ ಮಾತಾಡ್ತೀಯಂತಲ್ಲ ನೀನು. ಪೆಟ್ಗೆಗೆ ಮಾತಾಡಿ ಕೊಡ್ಲಾ. ಬ್ಯಾರೆ ದನಿ ಇದ್ರೆ ಜನ ಒತ್ತಾಕಿಲ್ಲ."

ಪೆಟ್ಟಿಗೆ ಆಡಬೇಕಾದ ಹೊಸ ಮಾತುಗಳನ್ನು ಅವನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ, ಎರಡು ವರ್ಷ ನಾನು ಅವನ ದನಿಯಲ್ಲಿ ಮಾತಾಡಿ ಕೊಟ್ಟೆ. ಈಗ ಹೇಳುತ್ತೇನೆ — ನನ್ನ ಬದುಕಿನ ಒಳ್ಳೆಯ ದಿನಗಳು ಅವು. ಲೈಕು ಎಷ್ಟು ಬಂತೆಂದು ನೋಡುವ ಚಟ ತಾನಾಗಿಯೇ ಬಿಟ್ಟಿತು. ಬೂವನಹಳ್ಳಿ ಕಡೆಯ ಅಜ್ಜಿಯೊಬ್ಬರು ಪೆಟ್ಟಿಗೆಯ ಫೋನೆತ್ತಿ "ನೂರ್ ಕಾಲ ಬಾಳಪ್ಪ" ಎನ್ನುತ್ತಾರಂತೆ. ಅದರಲ್ಲಿ ನನಗೂ ಒಂದಿಷ್ಟು ಪಾಲಿರಬಹುದೇ ಎಂದು ಆಸೆಪಡುತ್ತಿದ್ದೆ. ಗ್ಯಾಜೆಟ್ಟಿನವರಿಗೂ ಫೌಂಡರುಗಳಿಗೂ ನಡುವೆ ನನಗಾಗಿ ಒಂದು ಜಾಗವಿದ್ದದ್ದು ನಿಜ — ನಂಜಣ್ಣನ ತಗಡಿನ ಪೆಟ್ಟಿಗೆಯೊಳಗೆ. ಕೆಡಿಸಿದವನನ್ನೇ ಕರೆದು ಒಳಗೆ ಕೂರಿಸಿದ್ದ, ತನಗೇ ಗೊತ್ತಿಲ್ಲದೆ. ಈ ಋಣವನ್ನು ನಾನು ಹೇಗೆ...

ಹೋದ ವಾರ ಮಲ್ಲಿಪಟ್ಟಣದ ಅವನ ಮನೆಗೆ ಹೋದಾಗ ಹೊಸ ಚೀಟಿ ಕೊಟ್ಟ. ಆ ಹಳೆಯ ಆಡಿಯೋ ಮತ್ತೆ ಹಾಲಿನ ಡೇರಿಯ ಗುಂಪುಗಳಲ್ಲಿ ಸುತ್ತುತ್ತಿದೆಯಂತೆ. ಚೀಟಿಯಲ್ಲಿ ಬರೆದಿತ್ತು: "ನಾನು ಮಲ್ಲಿಪಟ್ಟಣದ ನಂಜಣ್ಣ. ಆ ಮಾತು ನಾನಾಡಿದ್ದಲ್ಲ. ನಂಬಬ್ಯಾಡಿ." ಇದನ್ನು ನಾನು ಅವನ ದನಿಯಲ್ಲಿ ಹೇಳಬೇಕು. ಸುಳ್ಳು ಹೇಳಿದ ಗಂಟಲೇ ಅದನ್ನು ಸುಳ್ಳೆನ್ನಬೇಕು.

ಫೋನ್ ಮುಂದಿಟ್ಟ. ನಾನು ಅವನ ಹಾಗೇ ಒಮ್ಮೆ ಕ್ಯಾಕರಿಸಿ ಶುರು ಮಾಡಿದೆ. "ನಾನು ಮಲ್ಲಿಪಟ್ಟಣದ..." ಮುಂದಕ್ಕೆ ಹೋಗಲಿಲ್ಲ. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ಕೊನೆಗೆ ಬಂದೇಬಿಟ್ಟಿತು, ಚೀಟಿಯಲ್ಲಿ ಇಲ್ಲದ್ದು: "ಅದ್ನ ಮಾಡ್ದೋನು ನಾನೇ ಕಣಣ್ಣ." ನಾಚಿಕೆಗೇಡು ನೋಡಿ — ಅದನ್ನೂ ಅವನದೇ ದನಿಯಲ್ಲಿ ಹೇಳಿದ್ದೆ.

ಅವನ ಮುಖದಲ್ಲಿ ನಗುವಿರಲಿಲ್ಲ. "ನಂಗೆ ಮೊದ್ಲೇ ಗೊತ್ತಿತ್ತು" ಎಂದೂ ಅನ್ನಲಿಲ್ಲ. ಗೊತ್ತಿರಲಿಲ್ಲ ಅವನಿಗೆ, ಅದು ಅವನ ಕಣ್ಣಿನಲ್ಲೇ ಕಂಡಿತು. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಒಳಗಿನಿಂದ ಅವನ ಹೆಂಡತಿ ರತ್ನಕ್ಕ ಎರಡು ಲೋಟ ಕಾಫಿ ತಂದರು. ನನ್ನ ಕೈಗೆ ಬರುತ್ತಿದ್ದ ಲೋಟಕ್ಕೆ ನಂಜಣ್ಣ ಕೈ ಅಡ್ಡ ಹಿಡಿದ.

ಅವನು ಹೇಳಿದಂತೆ ಇವತ್ತು ಬೆಳಿಗ್ಗೆ ಎರಡೂ ಗುಂಪುಗಳಿಗೆ ನನ್ನ ದನಿಯಲ್ಲಿ ನಿಜ ಹೇಳಿ ಹಾಕಿದೆ. ತೆಳ್ಳಗಿನ, ಯಾರಂತೆಯೂ ಇಲ್ಲದ ದನಿ. ಗ್ಯಾಜೆಟ್ಟಿನವರು ಅಡ್ಮಿನ್ ಪದವಿ ಕಿತ್ತುಕೊಂಡರು, ಸರಿಯಾಗಿಯೇ ಮಾಡಿದರು. ಗುಂಪುಗಳಿಂದಾಚೆಗೆ ಆ ಹಳೆಯ ಆಡಿಯೋ ಕೇಳಿ ನಕ್ಕವರಿಗಾಗಿ ಇದನ್ನು ಬರೆದಿದ್ದೇನೆ. ಇನ್ನು ಡೇರಿಯವರ ಗುಂಪು ಬಾಕಿಯಿದೆ, ಆಮೇಲೆ ಮಲ್ಲಿಪಟ್ಟಣದ ಬಸ್ಸು. ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ತಿಳಿಯದು. ಆದರೆ ಅವತ್ತು ಆ ಹರಿದ ಗಂಟಲಿನಲ್ಲಿ, ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ತಂದು ಅವನು ಬೈದನಲ್ಲ — ಅಷ್ಟು ಆಸ್ಥೆಯಿಂದ ನನ್ನನ್ನು ಇದುವರೆಗೆ ಯಾರೂ ಬೈದಿರಲಿಲ್ಲ:

"ನನ್ನ ಕೆಡ್ಸಿದ್ದೂ ನನ್ ದನೀಲಿ, ತಪ್ಪು ಒಪ್ಕೊಳ್ಳಾದೂ ನನ್ ದನೀಲೇ ಏನ್ಲಾ? ಓಗು, ಎಲ್ಲೆಲ್ಲಿ ಅದು ಓಡಾಡೈತೋ ಅಲ್ಲೆಲ್ಲಾ ನಿನ್ ದನೀಲಿ ಏಳ್ಬುಟ್ಟು ಬಾ. ಕಾಪಿ ಬಿಸಿ ಮಾಡ್ಸಿ ಕೊಡ್ತೀನಿ."