ಬಳ್ಳಾರಿ ದೇವಾಲಯದಲ್ಲಿ ಬೀಸುವ ಕಲ್ಲು ತಿರುಗಿದ ದಿನ

ನನ್ನ ಮೊಮ್ಮಗಳು ಕುರುಗೋಡಿನಲ್ಲಿ ಹೆಣ್ಣುಮಕ್ಕಳ ಸಾಲೆ ನಡೆಸುತ್ತಾಳೆ. ಈ ಮಾತನ್ನು ಸಿರುಗುಪ್ಪದ ಬಾವಿಕಟ್ಟೆಯಲ್ಲಿ ಹೇಳಿದ್ದೇನೆ, ಸಂತೆಯಲ್ಲಿ ಹೇಳಿದ್ದೇನೆ, ಕೇಳದವರನ್ನೂ ನಿಲ್ಲಿಸಿ ಹೇಳಿದ್ದೇನೆ. ಈಗ ಬರೆದೂ ಹೇಳುತ್ತೇನೆ. ನನಗೆ ಈ ವಯಸ್ಸಿನಲ್ಲಿ ಅಕ್ಷರ ಕಲಿಸಿದವಳೂ ಅವಳೇ. ಸಾಲು ಸೊಟ್ಟಗಿದ್ದರೆ ಬೈಗುಳ ಅವಳಿಗೇ ಸೇರಲಿ.

ಆ ಸಾಲೆ ಮುಚ್ಚಿಹೋಗುವುದರಲ್ಲಿತ್ತು. ಅದು ಉಳಿದ ಬಗೆಯನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ.

ಬಳ್ಳಾರಿಯ ಮಿಶನ್ನಿನವರ ಹೆಣ್ಣುಮಕ್ಕಳ ಸಾಲೆಯಲ್ಲಿ ಓದಿ ಮುಗಿಸಿದ ಮೇಲೆ ಆ ಸಾಲೆ ನಡೆಸುವ ಬಿಳಿಯ ದೊರೆಸಾನಿಯವರು ಅವಳನ್ನು ಕುರುಗೋಡಿಗೆ ಕಳಿಸಿದರು. ಅಲ್ಲಿ ಒಂದು ಹುಲ್ಲು ಹೊದಿಸಿದ ಕೋಣೆ, ಒಂದು ಚಾಪೆ, ಒಂದು ಸತ್ಯವೇದ. ಬರುವ ಮಕ್ಕಳು ಮಾತ್ರ ಇರಲಿಲ್ಲ. ಕರೆಯಲು ಹೋದರೆ ತಾಯಂದಿರು ನಗುತ್ತಿದ್ದರಂತೆ. “ಅಕ್ಷರ ಕಲ್ತ್ರ ರೊಟ್ಟಿ ತಾನ ಬಡಕೊಂತೈತೇನ ಅಕ್ಕೋರ? ನಮಗ ಬೀಸೋದೈತಿ, ಹೋಗ್ರಿ.” ನಮ್ಮ ಕಡೆ ಪಾಠ ಹೇಳುವವಳನ್ನು ಅಕ್ಕೋರು ಅನ್ನುತ್ತಾರೆ.

ಹೀಗೆ ಹೋಗ್ರಿ ಅನ್ನಿಸಿಕೊಂಡು ಅನ್ನಿಸಿಕೊಂಡು ಒಂದು ಬೆಳಗಿನ ಜಾವ ಅವಳಿಗೆ ಏನನ್ನಿಸಿತೋ, ಪುಸ್ತಕ ಮನೆಯಲ್ಲೇ ಬಿಟ್ಟು ಹೋದಳು. ಒಬ್ಬ ಹೆಂಗಸು ಒಂಟಿಯಾಗಿ ಜೋಳ ಬೀಸುತ್ತಿದ್ದಳು. ಇವಳು ಸುಮ್ಮನೆ ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ಕೈ ಹಚ್ಚಿದಳು. ನಮ್ಮ ಕಡೆ ಗೂಟಕ್ಕೆ ಕೈ ಕೊಟ್ಟವಳನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಎರಡು ಕೈ ಬಿದ್ದರೆ ಕಲ್ಲು ಹಗುರ, ಮನಸ್ಸೂ ಹಗುರ. ಬೀಸುತ್ತ ಬೀಸುತ್ತ ಯೇಸುಸ್ವಾಮಿ ಹೇಳಿದ ಬಿತ್ತುವವನ ಕಥೆಯನ್ನು ಹೇಳಿದಳು. ಮರುದಿನ ಹೋದಾಗ ಆ ಹೆಂಗಸು ಅದನ್ನೇ ಬೀಸುವ ಪದ ಕಟ್ಟಿ ಹಾಡುತ್ತಿದ್ದಳು!

ಅಲ್ಲಿಂದ ಓಣಿಯ ಒಂದೊಂದೇ ಕಲ್ಲು ಕಥೆ ಹಾಡತೊಡಗಿತು. ತಾಯಂದಿರೇ ಹೆಣ್ಣುಮಕ್ಕಳ ತಲೆ ಬಾಚಿ ಹಗಲು ಸಾಲೆಗೆ ಕಳಿಸಿದರು.

ಇಷ್ಟರಲ್ಲಿ ಬಳ್ಳಾರಿಯ ಕ್ರೈಸ್ತಸಭೆಯ ಹಿರಿಯರೊಬ್ಬರು ಸಾಲೆ ನೋಡಲು ಬಂದರು. ದೊಡ್ಡ ರುಮಾಲು, ಕರಿ ಕೋಟು. ಸುಗ್ಗಿಯ ಕಾಲ, ಮಕ್ಕಳೆಲ್ಲ ಹೊಲದಲ್ಲಿ. ಕೋಣೆಯಲ್ಲಿದ್ದವಳು ಇವಳೊಬ್ಬಳೇ, ಅದೂ ಸೆರಗಿನ ತುಂಬ ಹಿಟ್ಟು ಮೆತ್ತಿಕೊಂಡು. ಹಿರಿಯರು ದಾರಿಯಲ್ಲಿ ಒಬ್ಬ ಹೆಂಗಸನ್ನು ತಡೆದು “ಏನು ಕಲ್ತಿಯಮ್ಮಾ?” ಎಂದು ಕೇಳಿದರಂತೆ. ಅವಳು ಸೆರಗು ಮುಖಕ್ಕೆ ಎಳಕೊಂಡು ಬಾಗಿಲ ಹಿಂದೆ ಹೋಗಿಬಿಟ್ಟಳು.

ಹಿರಿಯರು ಬಳ್ಳಾರಿಗೆ ಮರಳಿ, “ಆ ಹುಡುಗಿ ಕಲಿಸೋದು ಏನೂ ಇಲ್ಲ, ಮನಿ ಮನಿ ತಿರುಗಿ ಹಿಟ್ಟು ಬೀಸ್ತಾಳ. ಸಾಲಿ ಮುಚ್ಚಿ ಆಕಿನ್ನ ವಾಪಸ್ ಕರಸ್ರಿ” ಎಂದರು. ದೊರೆಸಾನಿಯವರು ಒಂದು ಅವಕಾಶ ಕೊಟ್ಟರು. ಸುಗ್ಗಿಕಾಣಿಕೆಯ ಭಾನುವಾರ, ಅವಳು ಮನೆಮನೆಯಲ್ಲಿ ಕಥೆ ಹೇಳಿಕೊಟ್ಟ ಕುರುಗೋಡಿನ ಹೆಂಗಸರು ಬಳ್ಳಾರಿಗೆ ಬಂದು ತಾವು ಕಲಿತದ್ದನ್ನು ಸಭೆಯ ಮುಂದೆ ಹೇಳಲಿ. ಹೇಳಿದರೆ ಸಾಲೆ, ಹೇಳದಿದ್ದರೆ ಇಲ್ಲ.

ನಾನು ಸುಮ್ಮನೆ ಕೂಡುವವಳೇ? ಸಿರುಗುಪ್ಪದ ನಮ್ಮ ಸಭೆಯವರ ಜೋಳದ ಚೀಲದೊಂದಿಗೆ ನಾನೂ ಬಂಡಿ ಹತ್ತಿದೆ. ಸಿರಿಗೇರಿಯಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಕುರುಗೋಡಿನಲ್ಲಿ ಆ ಹೆಂಗಸರನ್ನು ಹತ್ತಿಸಿಕೊಂಡೆವು. ದಾರಿಯುದ್ದಕ್ಕೂ ಮೊಮ್ಮಗಳು, “ಒಂದ್ಸಲ ಹೇಳ್ರೆ ನೋಡೋಣ” ಎಂದು ಗೋಗರೆದಳು. ಅವರು ಒಬ್ಬರನ್ನೊಬ್ಬರು ತಿವಿದು ನಕ್ಕರೇ ಹೊರತು ಬಾಯಿ ಬಿಡಲಿಲ್ಲ. “ಅಲ್ಲಿ ಹೋದಾಗ ಬರ್ತೈತಿ ಬಿಡ್ರಿ ಅಕ್ಕೋರ. ದಿನಾ ಹಾಡೋದಲ್ಲೇನು?”

ಬಳ್ಳಾರಿಯ ಮಿಶನ್ನಿನ ದೇವಾಲಯ ತುಂಬಿತ್ತು. ಪಟ್ಟಣದವರು ಬೆಂಚಿನ ಮೇಲೆ, ನಾವು ನೆಲದ ಮೇಲೆ. ಮೂಲೆಯಲ್ಲಿ ತಿದಿ ಒತ್ತಿ ಗಾಳಿ ತುಂಬಿ ನುಡಿಸುವ ವಾದ್ಯದ ಪೆಟ್ಟಿಗೆ. ಮೇಜಿನ ಮುಂದೆ ಕಾಣಿಕೆಯ ರಾಶಿ: ಜೋಳದ ತೆನೆ, ಹತ್ತಿ, ಕುಂಬಳಕಾಯಿ, ಕಾಲು ಕಟ್ಟಿದ ಒಂದು ಹುಂಜ. ಪಾದ್ರಿ ಅಯ್ಯನವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಾಗಲೆಲ್ಲ ಅದು ಕೂಗುತ್ತಿತ್ತು. ಆಮೇಲೆ ಕುರುಗೋಡಿನವರನ್ನು ಕರೆದರು.

ಎದ್ದು ನಿಂತರು. ನಿಂತೇ ಇದ್ದರು.

ಪದ ಕಟ್ಟಿದವಳೇ ಬಾಯಿ ತೆರೆದಳು, ಮುಚ್ಚಿದಳು. ಪಕ್ಕದವಳು “ನೀ ಪದ ಎತ್ತಿಕೊಳ್ಳೇ” ಎಂದು ಪಿಸುಗುಟ್ಟಿದಳು. “ಬರವಲ್ದು. ನೀನ ಎತ್ತಿಕೊ.” ಅವಳಿಗೂ ಬರಲಿಲ್ಲ. ಬೆಂಚಿನ ಕಡೆ ಯಾರೋ ಕಿಸಕ್ಕೆಂದರು. ಹಿರಿಯರು ದೊರೆಸಾನಿಯವರತ್ತ ನೋಡಿ ತಲೆ ಆಡಿಸಿದರು. ನನ್ನ ಮೊಮ್ಮಗಳ ಮುಖ ಸುಣ್ಣ ಬಳಿದಂತಾಯಿತು.

“ಯೇಸಪ್ಪಾ, ನನ್ನ ಕೂಸಿನ ಮಾನ ಉಳಿಸು” ಎಂದು ನಾನು ಕಣ್ಣು ಮುಚ್ಚಿದೆ. ಕುರುಗೋಡಿಗೆ ಹೋದಾಗ ಬೀಸುತ್ತ ಕಲಿತ ಆ ಪದ ನನಗೂ ಗೊತ್ತಿತ್ತು, ಮನಸ್ಸಿನಲ್ಲೇ ನೆನೆಸಿಕೊಳ್ಳಲು ನೋಡಿದೆ. ನೋಡಿದರೆ ನನ್ನ ಬಲಗೈ ಮೊಣಕಾಲಿನ ಮೇಲೆ ತಾನಾಗಿಯೇ ಗರಗರ ತಿರುಗುತ್ತಿದೆ! ಕೈ ತಿರುಗಿದ ಹಾಗೆ ಪದ ಬರುತ್ತಿದೆ, ನಿಂತರೆ ನಿಲ್ಲುತ್ತಿದೆ. ಅಯ್ಯೋ ದೇವರೇ, ಇಷ್ಟೇ ಅಲ್ಲವೇ! ಬೀಸುವ ಪದವನ್ನು ಬರಿಗೈಯಲ್ಲಿ ಯಾವಳು ಹಾಡಿದ್ದಾಳೆ?

ಅಲ್ಲೇ ಎದ್ದು ನಿಂತು ಕೂಗಿದೆ. “ದೊರಿಸಾನಮ್ಮಾ, ಒಂದು ಬೀಸೋ ಕಲ್ಲು ತರಸ್ರಿ!”

ಹಿರಿಯರು ಸಿಟ್ಟಾದರು. “ಏ ಮುದುಕಿ, ಇದು ದೇವರ ಮನಿ. ಅಡಿಗಿ ಮನಿ ಅಲ್ಲ.”

“ನಿಮ್ಮ ಆ ವಾದ್ಯದ ಪೆಟ್ಟಿಗಿ ತಿದಿ ಒತ್ತದ ಕೂಗತೈತೇನ್ರಿ ಯಜಮಾನ್ರ? ಇವರಿಗೂ ತಿದಿ ಬೇಕು, ತರಸ್ರಿ!”

ದೊರೆಸಾನಿಯವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಯ್ಯನವರ ಅಡಿಗೆಮನೆಯಿಂದ ಇಬ್ಬರು ಗಂಡಸರು ಕಲ್ಲು ಹೊತ್ತು ತಂದು ನಡುವೆ ಇಟ್ಟರು. ನಾನು ಕೆಳಗೆ ಬಟ್ಟೆ ಹಾಸಿ, ನಮ್ಮ ಕಾಣಿಕೆಯ ಚೀಲ ಬಿಚ್ಚಿ ಬೊಗಸೆ ಜೋಳ ಹಾಕಿದೆ. ಇಬ್ಬರು ಎದುರು ಬದುರು ಕೂತು ಗೂಟ ಹಿಡಿದರು. ಕಲ್ಲು ಗುರ್ ಎಂದಿತು. ಅದರ ಹಿಂದೆಯೇ ದನಿ ಎದ್ದಿತು ನೋಡಿ!

“ದಾರ‍್ಯಾಗ ಬಿದ್ದ ಕಾಳು ಹಕ್ಕೀಯ ಪಾಲಾತು
ಕುರುಗೋಡ ಕಲ್ಲಮ್ಯಾಲ ಒಣಗೀತ, ನನತಾಯಿ
ಎರಿಹೊಲದ ಕಾಳು ತೆನಿಯಾತ”

ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಎತ್ತಿಕೊಂಡಳು. ಜಾಲಿಮುಳ್ಳು ಬಂತು, ಬಿಸಿಲು ಬಂತು, ತೆನೆ ತೂಗಿತು, ಬಿತ್ತಿದ ಸ್ವಾಮಿ ಹೊಲದ ಬದುವಿಗೆ ಬಂದು ನಿಂತ. ದೇವಾಲಯದ ಗೋಡೆಗಳು ಮನೆಯ ಗೋಡೆಗಳಾದವು. ಬೆಂಚಿನ ಮೇಲಿದ್ದ ಪಟ್ಟಣದ ಹೆಂಗಸರ ತಲೆಗಳು ಕಲ್ಲಿನೊಂದಿಗೆ ತೂಗುತ್ತಿದ್ದವು. ಅವರೇನು ಹುಟ್ಟಾ ಬೆಂಚಿನವರೇ?

ಆಗ ಒಬ್ಬ ಅಮ್ಮನವರು ಬೆಂಚಿನಿಂದ ಇಳಿದು ಬಂದು ಕಲ್ಲಿನ ಮುಂದೆ ಕುಕ್ಕರಿಸಿದರು. “ಅತ್ಲಾಗ ಸರೀರೆ, ನನಗೂ ಗೂಟ ಕೊಡ್ರಿ. ಹುಡುಗಿ ಇದ್ದಾಗ ನಾನೂ ಬೀಸಿದಾಕಿ.” ಯಾರು ಅಂತೀರಿ? ಆ ಹಿರಿಯರ ಹೆಂಡತಿ!

ಪದ ಮುಗಿದ ಮೇಲೆ ದೊರೆಸಾನಿಯವರು ಕೇಳಿದರು. “ಈ ಕಥೆಯಿಂದ ನೀವು ಏನು ತಿಳಿದಿರಿ?”

ಪದ ಕಟ್ಟಿದವಳು ಗೂಟ ಬಿಡದೆ, ತಲೆ ಎತ್ತದೆ ಹೇಳಿದಳು. “ನಮ್ಮೂರು ಬರೇ ಕಲ್ಲು ಅಂತ ಬಿತ್ತೋದು ಬಿಡಬ್ಯಾಡ್ರಿ ಅಮ್ಮಾ. ಕಲ್ಲಿನ ಸಂದಿನಾಗೂ ಎರಿಮಣ್ಣು ಐತಿ. ಅಕ್ಕೋರು ಕೈಹಾಕಿ ನೋಡ್ಯಾರ.”

ಈ ಸಲ ಹುಂಜವೂ ಕೂಗಲಿಲ್ಲ. ಹಿರಿಯರು ಎದ್ದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಅವರನ್ನು ನೋಡುತ್ತಿದ್ದರು. ಹಿರಿಯರು ನನ್ನ ಮೊಮ್ಮಗಳತ್ತ ತಿರುಗಿ, ಅಲ್ಲಿವರೆಗೆ ಹುಡುಗಿ, ಹುಡುಗಿ ಎನ್ನುತ್ತಿದ್ದವರು, “ಅಕ್ಕೋರ, ನಿಮ್ಮ ಸಾಲಿ ನಡೀಲಿ” ಎಂದರು. ನಾನು ದೇವಾಲಯ ಅನ್ನುವುದನ್ನೂ ಮರೆತು ನನ್ನ ಕೂಸಿನ ಎರಡೂ ಕೆನ್ನೆ ನೇವರಿಸಿ ಲಟಿಕೆ ಮುರಿದೆ.

ಆ ಹಿಟ್ಟನ್ನು ಚೆಲ್ಲುವುದುಂಟೇ? ಅಂಗಳದಲ್ಲೇ ಒಲೆ ಹೂಡಿದೆವು. ಮಿಕ್ಕ ಜೋಳವನ್ನೂ ಬೀಸಿ, ಪಟ್ಟಣದವರು ಹಳ್ಳಿಯವರು ಅನ್ನದೆ ಎಲ್ಲರಿಗೂ ಬಿಸಿ ರೊಟ್ಟಿ ಬಡಿದೆವು. ಹಿರಿಯರು ನನ್ನ ಕೈಯಿಂದಲೇ ಹಾಕಿಸಿಕೊಂಡು, “ಖಾರ ಹಾಕಬೇ” ಎಂದರು. ಹಾಕಿದೆ, ಕಣ್ಣಲ್ಲಿ ನೀರು ಬರುವಷ್ಟು!

ಹೊರಡುವಾಗ ದೊರೆಸಾನಿಯವರು ಹಲಗೆ, ಬಳಪ ಕೊಟ್ಟರು. ಅದರೊಂದಿಗೆ ಆ ಬೀಸುವ ಕಲ್ಲನ್ನೂ ಬಂಡಿಗೆ ಏರಿಸಿದರು. ಎತ್ತುಗಳು ಏದುಸಿರು ಬಿಟ್ಟವು. ಬಂಡಿ ಹೊಡೆಯುವವನು, “ಏನ್ರಬೇ, ಸಾಲಿಗಿ ಕಲ್ಲು ಯಾಕ?” ಎಂದು ಗೊಣಗಿದ.

ಹೆಂಗಸರು ಕಲ್ಲಿನ ಸುತ್ತ ಕೂತು, ಹೋಗುವ ಬಂಡಿಯಲ್ಲೇ ಗೂಟ ಹಿಡಿದರು. ಬರುವಾಗ ಬಾಯಿ ಬಿಡದವರು ಈಗ ಕುರುಗೋಡಿನವರೆಗೂ ಬಾಯಿ ಮುಚ್ಚಲಿಲ್ಲ.